ಉಪನಗರ ವಿದ್ಯುತ್ ರೈಲು: ಸೇವಾವಧಿ
ಭಾರತೀಯ ರೈಲ್ವೆ ತನ್ನ ಉಪನಗರ ವಿದ್ಯುತ್ ರೈಲುಗಳ ಬೋಗಿಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಆಯುಷ್ಯ ನಿಗದಿಪಡಿಸಿದೆ. ಮುಂಬಯಿಯಲ್ಲಿ 1925ರ ಫೆಬ್ರವರಿ 3ರಂದು, ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು.

ಬೋಗಿಯ ಮುಪ್ಪಿಗೆ ವರ್ಷಗಳ ಲೆಕ್ಕವೊಂದೇ ಕಾರಣವಲ್ಲ. ಕೆಲವೇ ನಿಮಿಷಗಳಿಗೊಮ್ಮೆ ನಿಂತು ಹೊರಡುವ ಓಟ ಮೋಟಾರು, ಬ್ರೇಕು, ಗಾಲಿಗಳನ್ನು ಸವೆಸುತ್ತದೆ. ವಿಪರೀತ ಜನಭಾರ ಚೌಕಟ್ಟನ್ನು ದಣಿಸುತ್ತದೆ. ಮಳೆನೀರು, ಕಡಲ ಉಪ್ಪುಗಾಳಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ನಿಯತಕಾಲಿಕ ದುರಸ್ತಿ, ನಡುವಯಸ್ಸಿನ ನವೀಕರಣಗಳಿಂದ ಗಾಡಿ ತನ್ನ ಅವಧಿ ಪೂರೈಸಬಲ್ಲದು. ಆದರೆ ತಂತ್ರಜ್ಞಾನ ಬದಲಾದರೆ ಗಟ್ಟಿಮುಟ್ಟಾದ ಗಾಡಿಗೂ ಉಳಿಗಾಲವಿಲ್ಲ. ಮುಂಬಯಿಯ 1500 ವೋಲ್ಟ್ ಡಿ.ಸಿ. ಮಾರ್ಗಗಳು 25 ಕಿಲೋವೋಲ್ಟ್ ಎ.ಸಿ.ಗೆ ಬದಲಾದ ಮೇಲೆ, 2016ರ ಏಪ್ರಿಲ್‌ನಲ್ಲಿ ಅಲ್ಲಿನ ಕೊನೆಯ ಡಿ.ಸಿ. ಲೋಕಲ್ ವಿದಾಯ ಹೇಳಿತು. ಮದ್ರಾಸಿನಲ್ಲಿ 1931ರಲ್ಲಿ ಆರಂಭವಾದ ಮೀಟರ್‌ಗೇಜ್ ವಿದ್ಯುತ್ ಸೇವೆ 2004ರಲ್ಲಿ ನಿಂತದ್ದು ಗೇಜ್ ಪರಿವರ್ತನೆಯಿಂದ.

ಇಂಥ ಉಪನಗರ ಸೇವೆಯನ್ನು ಕರ್ನಾಟಕಕ್ಕೂ ತರುವ, 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು.