ಅವಳ ಮನಸ್ಸಿಗೆ ಅರ್ಥ ಹೇಳಿದವರು

ಸುರಪುರದ ಟೇಲರ್ ಮಂಜಿಲ್ ಎಂದರೆ ರಾಜಾ ವೆಂಕಟಪ್ಪ ನಾಯಕ ಮತ್ತು 1858ರ ಬಂಡಾಯ ನೆನಪಾಗುತ್ತದೆ. ಆ ಬಂಗಲೆಯ ಫಿಲಿಪ್ ಮೆಡೋಸ್ ಟೇಲರ್ ಕಾದಂಬರಿಕಾರನೂ ಆಗಿದ್ದ. 1841ರಿಂದ 1853ರವರೆಗೆ ಇಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದು ಆಮೇಲೆ ನಳದುರ್ಗಕ್ಕೆ ಹೋದ. ತುಳಜಾಪುರ ಆ ಸೀಮೆಯದೇ. 1863ರಲ್ಲಿ ಹೊರಬಂದ ಅವನ ಇಂಗ್ಲಿಷ್ ಕಾದಂಬರಿ ‘ತಾರಾ’ದ ನಾಯಕಿ ತುಳಜಾಪುರದ ಶಾಸ್ತ್ರಿಯೊಬ್ಬರ ಮಗಳು, ಬಾಲವಿಧವೆ. ಕನಸಿನಲ್ಲಿ ಭವಾನಿ ಕರೆದಳೆಂದು ಗುಡಿಗೆ ಹೋಗಿ, ದೇವಿಯ ಎದುರು ಮೈಮರೆಯುತ್ತಾಳೆ. ಸುತ್ತಲಿನವರು ಅದನ್ನು ದೇವಿಯ ಅಪ್ಪಣೆ ಎಂದು ಓದುತ್ತಾರೆ. ಹುಡುಗಿ ಮುರಳಿಯಾಗುತ್ತಾಳೆ, ಅಂದರೆ ದೇವಿಯ ಸೇವೆಗೆ ಬಿಟ್ಟ ಹೆಣ್ಣಾಗುತ್ತಾಳೆ. ಬದುಕಿನ ದಾರಿಗಳೆಲ್ಲ ಮುಚ್ಚಿದ ವಿಧವೆಗೆ ಮೈದುಂಬುವುದೊಂದೇ ಬಾಗಿಲಾಗಿತ್ತೇ ಎಂಬ ಅನುಮಾನ ಇಂದಿನ ಓದುಗರದು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಕಂಡ ಈ ಭಾಗದವರಿಗೆ ಆ ಅನುಮಾನ ಇನ್ನೂ ಹತ್ತಿರದ್ದು. ಅದನ್ನು ನಿಷೇಧಿಸುವ ಕಾಯ್ದೆಗೆ ಕರ್ನಾಟಕ 1982ರವರೆಗೆ ಕಾಯಬೇಕಾಯಿತು.

ಕನ್ನಡದ ಸಾಮಾಜಿಕ ಕಾದಂಬರಿಯೂ ಬಾಲವಿಧವೆಯಿಂದಲೇ ಹೊರಟಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಕರಾವಳಿಯ ಹುಡುಗಿಯನ್ನು ಹೆತ್ತವರ ಮನೆಯಿಂದ ಬಿಡಿಸಿ ಓದು, ಮರುಮದುವೆಗಳತ್ತ ಕರೆದೊಯ್ಯಿತು. ಇಲ್ಲಿ ಅವಳ ಕಷ್ಟಕ್ಕೆ ಅರ್ಥ ಹೇಳಿದವರು ಸಮಾಜ ಸುಧಾರಕರು. ಅನ್ಯಾಯ ಕಂಡಿತು; ಮನಸ್ಸಿನ ಒಳಗು ಅಷ್ಟಾಗಿ ಕಾಣಲಿಲ್ಲ.

ಆ ಒಳಗನ್ನು ತೆರೆದವರು ತ್ರಿವೇಣಿ (1928–1963). ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ಅವರು ಅದನ್ನು ಗೃಹಿಣಿಯರ ಮಾತಿಗೆ ಇಳಿಸಿದರು. ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಮಾನಸಿಕ ಅಸ್ವಸ್ಥತೆಗೆ ಸಿಕ್ಕಿ ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮರಳುತ್ತಾಳೆ. ಕಾದಂಬರಿಯ ನಿಜವಾದ ಧೈರ್ಯ ಇರುವುದು ಇಲ್ಲಿಂದ ಮುಂದೆ. ಡಾಕ್ಟರು ವಾಸಿಯಾಗಿದೆ ಎಂದರೂ ಮನೆ ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನ ಮನಸ್ಸು ಬೇರೆಡೆ ಹೊರಳಿದೆ. ಆದರೂ ತಪ್ಪು ಹೊರಬೇಕಾದವಳು ಅವಳೇ. ಕೊನೆಗೆ ಅವಳು ಮತ್ತೆ ಕುಸಿಯುತ್ತಾಳೆ. ಕಾಯಿಲೆಗಿಂತ ‘ಹುಚ್ಚಿ’ ಎಂಬ ಹಣೆಪಟ್ಟಿಯೇ ಹೆಚ್ಚು ಕೊಲ್ಲುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕೃತಿ ಅದಕ್ಕೆ ಮೊದಲು ವಿರಳ. ಪುಟ್ಟಣ್ಣ ಕಣಗಾಲರ ಚಿತ್ರ (1971) ಮತ್ತು ಕಲ್ಪನಾ ಅಭಿನಯದಿಂದ ಕಾವೇರಿ ಪುಸ್ತಕ ಓದದವರ ಮನೆಗಳಿಗೂ ತಲುಪಿದಳು.

ಮುಂದಿನ ತಲೆಮಾರು ಹಣೆಪಟ್ಟಿಯನ್ನೇ ತಿರುವಿ ನೋಡಿತು. ವೈದೇಹಿಯವರ ‘ಅಕ್ಕು’ ಕಥೆಯಲ್ಲಿ ಮನೆಯವರು ಮರುಳೆಂದು ತಳ್ಳಿದವಳೇ ಆ ಮನೆಯ ಗುಟ್ಟುಗಳನ್ನು ಬಯಲಿಗೆ ಎಳೆಯುತ್ತಾಳೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಹೆಣ್ಣಿನ ದೇಹ, ದಾಂಪತ್ಯ, ತಾಯ್ತನದ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಬರೆದರು.

ಆದರೆ ಈ ನಾಯಕಿಯರು ಬಹುಪಾಲು ದಕ್ಷಿಣದ, ಕರಾವಳಿಯ ಮಧ್ಯಮವರ್ಗದವರು. ಹೈದರಾಬಾದ್ ಕರ್ನಾಟಕದ ದುಡಿಯುವ ಹೆಣ್ಣು ತನ್ನ ಮಾತಿನಲ್ಲೇ ಕಾದಂಬರಿಗೆ ಬಂದದ್ದು ಗೀತಾ ನಾಗಭೂಷಣರಿಂದ. ಕಲಬುರಗಿ ಸೀಮೆಯ ಆಡುನುಡಿಯಲ್ಲಿ ಬರೆದ ‘ಬದುಕು’ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಯಾದಗಿರಿ, ಶಹಾಪುರ, ಸುರಪುರ ಆಗಿನ್ನೂ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಮನಸ್ಸಿನ ಸಂಕಟಕ್ಕೆ ಜಾತಿ, ಹಸಿವು, ದೇವರ ಹೆಸರಿನ ಶೋಷಣೆಗಳೂ ಕಾರಣ ಎಂಬ ಅರಿವನ್ನು ಇಂಥ ಬರಹ ಗಟ್ಟಿಗೊಳಿಸಿತು. ಕಾವೇರಿಗೆ ಕನಿಷ್ಠ ಆಸ್ಪತ್ರೆಯ ದಾರಿ ಇತ್ತು. ಇಲ್ಲಿನವರಿಗೆ ಮರುದಿನದ ಕೂಲಿಯೇ ಮೊದಲ ಚಿಂತೆ.

ಗುಡಿ, ಸುಧಾರಕರು, ಡಾಕ್ಟರು, ಓಣಿಯ ಜನ: ಒಂದೂವರೆ ಶತಮಾನ ಹುಡುಗಿಯ ಮನಸ್ಸಿಗೆ ಅರ್ಥ ಹೇಳುತ್ತ ಬಂದವರು ಇವರೇ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಇಂದು ಯಾದಗಿರಿಯ ಹುಡುಗಿಯೂ ಕರೆ ಮಾಡಬಹುದು. ಆದರೆ ತನ್ನ ಕಥೆ ತಾನೇ ಬರೆಯಲು ಅಕ್ಷರ ಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಸುಮಾರು ಶೇ. 41, ಜಿಲ್ಲೆಯ ಒಟ್ಟು ಸಾಕ್ಷರತೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಕನ್ನಡದ ಮನೋವೈಜ್ಞಾನಿಕ ಕಾದಂಬರಿಯ ಮುಂದಿನ ಅಧ್ಯಾಯ ವಿಮರ್ಶಕರಿಗಿಂತ ಈ ತಾಲ್ಲೂಕುಗಳ ಹೆಣ್ಣುಮಕ್ಕಳ ಶಾಲೆಗಳನ್ನೇ ಹೆಚ್ಚು ನೆಚ್ಚಿಕೊಂಡಿದೆ.