ಫಲಕದ ಹೆಸರು, ಪಟ್ಟಿಯ ಹೆಸರು: ಪಶ್ಚಿಮ ತಾಲ್ಲೂಕುಗಳ ದೇವದಾಸಿ ವಿಮೋಚನಾ ಕಾರ್ಯವನ್ನು ಕುರಿತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿ ಸೀಮೆಯವರ ಬಾಯಲ್ಲಿ ಇವು ಇಂದಿಗೂ ‘ಪಶ್ಚಿಮ ತಾಲ್ಲೂಕು’ಗಳೇ. ಸರ್ಕಾರಿ ಕಾಗದದಲ್ಲಿ ಮಾತ್ರ ಇವುಗಳ ವಿಳಾಸ ಒಂದೇ ಕಡೆ ನಿಂತಿಲ್ಲ. 1953ರ ಅಕ್ಟೋಬರ್ 1ರವರೆಗೆ ಈ ನೆಲ ಮದ್ರಾಸ್ ರಾಜ್ಯದ್ದು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು. ಸಂವಿಧಾನದ 371ಜೆ ವಿಧಿಯ ಸೌಲಭ್ಯ ಸಿಗಬೇಕೆಂಬ ಒತ್ತಾಯದ ಫಲವಾಗಿ 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಕೊಟ್ಟೂರಂತೂ ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದೇ ಈಚೆಗೆ. ಯಾವ ಹೆಸರಿನಡಿ ನಿಂತರೆ ಯಾವ ಹಕ್ಕು ಸಿಗುತ್ತದೆ ಎಂಬುದನ್ನು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದರ ವಿರುದ್ಧ ಹುಟ್ಟಿದ ಸಂಸ್ಥೆಗಳ ಹೆಸರುಗಳನ್ನೂ ಇದೇ ಕಣ್ಣಿನಿಂದ ನೋಡಬೇಕೆಂಬುದು ಈ ಲೇಖನದ ವಾದ. ಕೆಲಸ ಹಿಗ್ಗಿದಂತೆ ಕೆಲವು ಸಂಸ್ಥೆಗಳು ‘ದೇವದಾಸಿ’ ಎಂಬುದನ್ನು ಫಲಕದಿಂದ ಇಳಿಸಿದವು. ಕೆಲವು ಅದನ್ನೇ ಹಿಡಿದುಕೊಂಡು ಕೂತವು. ಮೊದಲಿನವರು ಮುಂದುವರಿದವರು, ಎರಡನೆಯವರು ಹಿಂದುಳಿದವರು ಎಂಬ ಅನುದಾನ ವಲಯದ ಎಣಿಕೆ ಸರಿಯಲ್ಲ. ಹೆಸರು ಬಿಡುವ ಸ್ವಾತಂತ್ರ್ಯ ಯಾರಿಗಿದೆ, ಯಾರಿಗಿಲ್ಲ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಕಾನೂನಿನ ಹಿನ್ನೆಲೆ ಚಿಕ್ಕದು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಗೆ 1934ರ ಬೊಂಬಾಯಿ ದೇವದಾಸಿ ಸಂರಕ್ಷಣಾ ಕಾಯ್ದೆ ಅನ್ವಯವಾಗಿತ್ತು. ಬಳ್ಳಾರಿಗೆ ಅನ್ವಯವಾದದ್ದು ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಕೊನೆಗೆ ಬಂದ 1947ರ ಮದ್ರಾಸ್ ಕಾಯ್ದೆ. ಎರಡರ ಜಾಗದಲ್ಲಿ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ 1982ರಲ್ಲಿ ರೂಪುಗೊಂಡು 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿಸಿದವರಿಗೆ, ಅಂದರೆ ಹೆಣ್ಣನ್ನು ದೇವರಿಗೆ ಬಿಟ್ಟವರಿಗೆ, ಮೂರು ವರ್ಷದವರೆಗೆ ಸೆರೆ. ಕಟ್ಟಿಸಿದವರು ಹೆತ್ತವರೋ ಪೋಷಕರೋ ಆಗಿದ್ದರೆ ಎರಡರಿಂದ ಐದು ವರ್ಷ. ಈ ಹೆಚ್ಚುವರಿ ಶಿಕ್ಷೆಯ ಪರಿಣಾಮಕ್ಕೆ ಮುಂದೆ ಬರುತ್ತೇನೆ.

ಪಶ್ಚಿಮ ತಾಲ್ಲೂಕುಗಳ ಪದ್ಧತಿ ಸವದತ್ತಿ ಸೀಮೆಯದಕ್ಕಿಂತ ಒಂದು ಬಗೆಯಲ್ಲಿ ಬೇರೆ. ಇಲ್ಲಿ ಬಳಕೆಯಲ್ಲಿದ್ದ ಹೆಸರು ಬಸವಿ. ಮದ್ರಾಸ್ ಪೊಲೀಸ್ ಇಲಾಖೆಯ ಅಧಿಕಾರಿ ಫಾಸೆಟ್ 19ನೆಯ ಶತಮಾನದ ಕೊನೆಯ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಬಸವಿಯರನ್ನು ಕುರಿತು ಬರೆದ ಪ್ರಬಂಧದ ಮುಖ್ಯ ಸಂಗತಿಯೇ ಇದು: ಬಸವಿಯಾದ ಮಗಳು ತವರಿನಲ್ಲೇ ಉಳಿದು ಮಗನಿಗೆ ಸಲ್ಲುವ ಹಕ್ಕುಗಳನ್ನು ಪಡೆಯುತ್ತಾಳೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೊಲ ಕೈಬಿಡದಂತೆ, ಮುಪ್ಪಿನಲ್ಲಿ ಅನ್ನ ಹಾಕುವವರು ಇರುವಂತೆ ಮಾಡಿಕೊಂಡ ವ್ಯವಸ್ಥೆ ಅದು. ಅವಳಿಗೆ ಮದುವೆಯಿಲ್ಲ, ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿಲ್ಲ. ಊರ ಉಳ್ಳವರಿಗೆ ಅವಳ ಮೇಲೆ ಸಲಿಗೆ. ಬಹುಪಾಲು ಪರಿಶಿಷ್ಟ ಜಾತಿಗಳ, ಕೆಲಮಟ್ಟಿಗೆ ಬೇಡ ಸಮುದಾಯದ ಮನೆಗಳ ಮೇಲೆ ಬಿದ್ದ ಹೊರೆ ಇದು. ಫಾಸೆಟ್ ಆ ಹಕ್ಕನ್ನು ವಿಸ್ಮಯದಿಂದ ನೋಡಿದ. ಹೊಲವೇ ಇಲ್ಲದ ಮನೆಯಲ್ಲಿ ಆ ಹಕ್ಕಿಗೆ ಏನು ಬೆಲೆ ಎಂದು ಇಂದಿನ ಓದುಗ ಕೇಳದೆ ಇರಲಾರ.

ಆದ್ದರಿಂದ ಈ ಪದ್ಧತಿಯನ್ನು ಮಾನವ ಸಾಗಣೆಯೆಂದು ಕಾಣುವ ಕಾನೂನು ಕಲ್ಪನೆ ಈ ನೆಲಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಅಪರಿಚಿತನೊಬ್ಬ ಹುಡುಗಿಯನ್ನು ಹೊತ್ತೊಯ್ದ ಕಥೆ ಇಲ್ಲಿನದಲ್ಲ. ಮೊದಲ ಹಂತ ನಡೆಯುವುದು ತಾಯಿಯ ಮನೆಯಲ್ಲೇ, ಹರಕೆಯ ಹೆಸರಿನಲ್ಲಿ. ಮುಂಬೈ, ಪುಣೆ, ಸಾಂಗ್ಲಿಯ ದಾರಿ ತೆರೆಯುವುದು ಆಮೇಲೆ, ಬರದ ವರ್ಷಗಳಲ್ಲಿ. ಹಾಗಾಗಿ ದಾಳಿ ಮಾಡಿ ‘ರಕ್ಷಿಸಿ’ ಮರಳಿ ಮನೆಗೆ ಸೇರಿಸುವ ಸಂಸ್ಥೆ ಕೂಡ್ಲಿಗಿಗೆ ಬಂದರೆ ಅದರ ಕೆಲಸ ತಲೆಕೆಳಗಾಗುತ್ತದೆ. ಹುಡುಗಿ ಇರುವುದೇ ಮನೆಯಲ್ಲಿ.

ಹೆಸರು ಬದಲಿಸಿಕೊಂಡವರ ಪೈಕಿ ಚೆನ್ನಾಗಿ ದಾಖಲಾದ ಉದಾಹರಣೆ ಬೆಳಗಾವಿ ಜಿಲ್ಲೆಯದು. 1990ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಅಲ್ಲಿ ದೇವದಾಸಿ ಪುನರ್ವಸತಿ ಯೋಜನೆಯನ್ನು ನಡೆಸಿತು. 1997ರಲ್ಲಿ ಆ ಯೋಜನೆ ಮಹಿಳೆಯರದೇ ಸ್ವತಂತ್ರ ಸಂಸ್ಥೆಯಾಗಿ ಘಟಪ್ರಭಾದಲ್ಲಿ ನಿಂತಾಗ ಅದಕ್ಕಿಟ್ಟ ಹೆಸರು ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’, ಬಳಕೆಯಲ್ಲಿ ‘ಮಾಸ್’. ‘ದೇವದಾಸಿ’ಯೂ ಹೋಯಿತು, ‘ಪುನರ್ವಸತಿ’ಯೂ ಹೋಯಿತು. ಸದಸ್ಯರು ಮಾತ್ರ ಅವರೇ. ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡು, ಮುಂದೆ ಈ ಸಂಸ್ಥೆಯ ಚುಕ್ಕಾಣಿ ಹಿಡಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಲ್ಲಿ ಹೆಸರು ಬದಲಾದದ್ದು ಫಲಾನುಭವಿಗಳು ಆಡಳಿತಗಾರರಾದ ಗಳಿಗೆಯಲ್ಲಿ ಎಂಬುದನ್ನು ಗಮನಿಸಬೇಕು. ಪುನರ್ವಸತಿ ಎಂಬುದು ಬೇರೆಯವರು ನಮಗೆ ಮಾಡುವ ಕೆಲಸ. ಅದನ್ನು ತಮ್ಮದೇ ಸಂಸ್ಥೆಯ ಹೆಸರಿನಲ್ಲಿ ಯಾರೂ ಇಟ್ಟುಕೊಳ್ಳಲಾರರು.

ಹೆಸರು ಬಿಡುವುದು ಮೈರಾಡಕ್ಕೂ ಹೊಸದಾಗಿರಲಿಲ್ಲ. 1968ರಲ್ಲಿ ಅದು ಹುಟ್ಟಿದ್ದು ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ‘ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ’ ಎಂಬುದು ಪೂರ್ಣರೂಪ. ಆ ಕೆಲಸ ಮುಗಿದು ಬಡವರ ಸ್ವಸಹಾಯ ಸಂಘಗಳ ಕಡೆ ಹೊರಳಿದ ಮೇಲೆ ಪೂರ್ಣರೂಪವನ್ನು ಕೈಬಿಟ್ಟು ಮೂರಕ್ಷರವನ್ನಷ್ಟೇ ಉಳಿಸಿಕೊಂಡಿತು. ಲಂಡನ್ನಿನಲ್ಲಿ 1839ರಲ್ಲಿ ಹುಟ್ಟಿದ ಗುಲಾಮಗಿರಿ ವಿರೋಧಿ ಸಂಘ 1909ರಲ್ಲಿ ಮೂಲನಿವಾಸಿಗಳ ರಕ್ಷಣೆಯನ್ನು ಹೆಸರಿಗೆ ಸೇರಿಸಿಕೊಂಡು, 1990ರಲ್ಲಿ ‘ಆಂಟಿ-ಸ್ಲೇವರಿ ಇಂಟರ್‌ನ್ಯಾಷನಲ್’ ಆದದ್ದೂ ಇಂಥದೇ ನಡೆ. ಸರ್ಕಾರವೂ ಹಿಂದೆ ಬಿದ್ದಿಲ್ಲ: 1956ರ ಅನೈತಿಕ ವ್ಯವಹಾರ ದಮನ ಕಾಯ್ದೆ 1986ರಲ್ಲಿ ‘ತಡೆ’ ಕಾಯ್ದೆಯಾಯಿತು, ಸಾಗಣೆಗೆ ಒಳಗಾದವರ ‘ಉಜ್ವಲಾ’ ಮತ್ತು ‘ಸ್ವಾಧಾರ್’ ಗೃಹಗಳು 2022ರಲ್ಲಿ ‘ಶಕ್ತಿ ಸದನ’ಗಳಾದವು.

ಕೆಲಸ ಹಿಗ್ಗಿದ್ದು ಏಕೆ? ಪಶ್ಚಿಮ ತಾಲ್ಲೂಕುಗಳಲ್ಲಿ ಉತ್ತರ ಕಣ್ಣೆದುರಿಗೇ ಇದೆ. ಮುತ್ತು ಕಟ್ಟುವುದು ಗುಟ್ಟಾದಂತೆ ಅದೇ ಬಡತನ ಬೇರೆ ಬಾಗಿಲುಗಳನ್ನು ಹುಡುಕಿತು: ಬಾಲ್ಯವಿವಾಹ, ಗುಳೆ, ಬೆಂಗಳೂರಿನ ಗಾರ್ಮೆಂಟ್ಸ್, ಮುಂಗಡ ಕೊಟ್ಟು ಕರೆದೊಯ್ಯುವ ದಲ್ಲಾಳಿ. ತಾಯಿ ದೇವದಾಸಿಯಾಗಿದ್ದು ಮಗಳು ಆಗದಿದ್ದರೂ ಅವಳ ಶಾಲೆ, ಮದುವೆ, ಜಾತಿ ಪ್ರಮಾಣಪತ್ರ ಎಲ್ಲವೂ ತಂದೆಯ ಹೆಸರಿನ ಖಾಲಿ ಜಾಗದಲ್ಲಿ ಬಂದು ನಿಲ್ಲುತ್ತವೆ. 2013ರಲ್ಲಿ ಭಾರತೀಯ ದಂಡಸಂಹಿತೆಯ 370ನೆಯ ಕಲಂ ತಿದ್ದುಪಡಿಯಾಗಿ, ಈಗ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಂ ಆಗಿರುವ ವ್ಯಾಖ್ಯೆಯಲ್ಲಿ ಬೆದರಿಕೆ, ವಂಚನೆ, ಆಮಿಷ ಎಲ್ಲವೂ ಸೇರಿವೆ. ಬಲಿಯಾದವರ ಒಪ್ಪಿಗೆಗೆ ಬೆಲೆಯಿಲ್ಲ. ಇಷ್ಟು ಅಗಲದ ಕೆಲಸಕ್ಕೆ ‘ದೇವದಾಸಿ’ ಎಂಬ ಹೆಸರಿನ ಕಚೇರಿಗೆ ಹದಿನಾರರ ಹುಡುಗಿ ಕಾಲಿಡುವುದಿಲ್ಲ. ಕಾಲಿಟ್ಟರೆ ಊರು ಅವಳಿಗೂ ಅದೇ ಹೆಸರು ಕಟ್ಟುತ್ತದೆ.

ಇನ್ನೊಂದು ಪಕ್ಷವಿದೆ. ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಹೆಸರು ಬಿಟ್ಟಿಲ್ಲ, ಬಿಡುವ ಸೂಚನೆಯೂ ಇಲ್ಲ. ಕಾರಣ ರಾಜ್ಯದ ಪಟ್ಟಿಯಲ್ಲಿದೆ. 1993–94ರ ಸಮೀಕ್ಷೆಯಲ್ಲಿ 22,873, 2007–08ರಲ್ಲಿ 23,787, ಒಟ್ಟು 46,660 ಮಹಿಳೆಯರು ದಾಖಲಾದರು. ಮಾಸಾಶನ, ನಿವೇಶನ, ಮಹಿಳಾ ಅಭಿವೃದ್ಧಿ ನಿಗಮದ ಸಾಲ ಎಲ್ಲಕ್ಕೂ ಆ ಪಟ್ಟಿಯೇ ಆಧಾರ. ಮಾಜಿ ದೇವದಾಸಿಯರ ಮಕ್ಕಳ ಮದುವೆಗೆ ಕೊಡುವ ಪ್ರೋತ್ಸಾಹಧನವೂ, ಹೆಣ್ಣಿಗೆ 5 ಲಕ್ಷ, ಗಂಡಿಗೆ 3 ಲಕ್ಷ ರೂಪಾಯಿ, ತಾಯಿಯ ಹೆಸರು ಅಲ್ಲಿದ್ದರೆ ಮಾತ್ರ. ‘ಮಹಿಳಾ ಅಭಿವೃದ್ಧಿ’ ಎಂಬ ಹೆಸರಿನಲ್ಲಿ ತಹಶೀಲ್ದಾರ್ ಕಚೇರಿಯೆದುರು ಧರಣಿ ಕೂತರೆ ಈ ಹಕ್ಕಿನ ಮಾತು ಸಾಮಾನ್ಯ ಬೇಡಿಕೆಯಾಗಿ ಕರಗುತ್ತದೆ. ಸಂಘಕ್ಕೆ ಹೆಸರು ಕಳಂಕವಲ್ಲ, ಪಡೆಯಬೇಕಾದ ಬಾಕಿಯ ಚೀಟಿ.

ಪಟ್ಟಿಯ ಹೊರಗೆ ಉಳಿದವರ ಕಷ್ಟ ಬೇರೆ. 1984ರ ನಂತರ ಮುತ್ತು ಕಟ್ಟಿಸಿಕೊಂಡವಳು ತನ್ನ ಹೆಸರು ಬರೆಸಿದರೆ ತಾಯಿಯನ್ನೇ ಅಪರಾಧಿಯಾಗಿ ತೋರಿಸಿದಂತೆ. ಹೆತ್ತವರಿಗಿಟ್ಟ ಆ ಹೆಚ್ಚುವರಿ ಶಿಕ್ಷೆ ಬಾಯಿ ಕಟ್ಟಿದ್ದು ಹೀಗೆ. ಬರೆದುಕೊಳ್ಳುವ ಅಧಿಕಾರಿಗೂ ಅದು ಕಾಯ್ದೆ ಸೋತಿದೆಯೆಂದು ಒಪ್ಪಿದಂತೆ. 2014ರ ಫೆಬ್ರವರಿಯಲ್ಲಿ, ಹರಪನಹಳ್ಳಿ ಇನ್ನೂ ದಾವಣಗೆರೆಗೆ ಸೇರಿದ್ದಾಗ, ಆ ಜಿಲ್ಲೆಯ ದೇವಸ್ಥಾನವೊಂದರಲ್ಲಿ ಹುಣ್ಣಿಮೆಯ ರಾತ್ರಿ ಸಮರ್ಪಣೆ ನಡೆಯದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಸೂಚಿಸಬೇಕಾಯಿತು. ಪದ್ಧತಿ ‘ಹಿಂದಿನದು’ ಎಂದು ಸರ್ಕಾರಿ ಭಾಷೆ ‘ಮಾಜಿ’ ಸೇರಿಸಿಕೊಂಡು ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಹೆಸರು ಬದಲಾವಣೆಗೆ ಹಣದ ಮುಖವೂ ಇದೆ. ಸರ್ವಸದಸ್ಯರ ಸಭೆಯ ನಿರ್ಣಯ, ಸಂಘಗಳ ನೋಂದಣಾಧಿಕಾರಿಯ ಒಪ್ಪಿಗೆ, ಪ್ಯಾನ್, ಬ್ಯಾಂಕ್ ಖಾತೆ, ವಿದೇಶಿ ದೇಣಿಗೆಯ ನೋಂದಣಿ ಎಂದು ಒಂದೊಂದನ್ನೂ ತಿದ್ದಿಸಬೇಕು. ದೊಡ್ಡ ಸಂಸ್ಥೆಗೆ ಇದು ಲೆಕ್ಕಪರಿಶೋಧಕರ ಕೆಲಸ. ತಾಲ್ಲೂಕು ಮಟ್ಟದ ಸಂಘಕ್ಕೆ ವರ್ಷದ ಕೆಲಸ. 2020ರ ತಿದ್ದುಪಡಿ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹಂಚುವುದನ್ನು ನಿಲ್ಲಿಸಿದ ಮೇಲೆ ಬೆಂಗಳೂರಿನ ಸಂಸ್ಥೆಯ ಮೂಲಕ ಬರುತ್ತಿದ್ದ ಹಣದ ದಾರಿಯೂ ಮುಚ್ಚಿತು. ಹೊಸ ಹೆಸರುಗಳಲ್ಲಿ ದಾನಿಗಳಿಗೆ ಹಿಡಿಸುವ ಅಗಲ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕ ಈ ಚರ್ಚೆಗೆ ಬೇರೆ ತಿರುವು ಕೊಡುತ್ತದೆ. 1982ರ ಕಾಯ್ದೆಯ ಹೆಸರಿನಲ್ಲಿದ್ದದ್ದು ನಿಷೇಧವೊಂದೇ. ಹೊಸದರಲ್ಲಿ ತಡೆ, ನಿಷೇಧ, ಪರಿಹಾರ, ಪುನರ್ವಸತಿ ನಾಲ್ಕೂ ಇವೆ. ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರನ್ನು ಒತ್ತಾಯಿಸುವಂತಿಲ್ಲ; ತಂದೆ ಯಾರೆಂದು ಸ್ಥಾಪಿಸಿ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕೂ ಮಕ್ಕಳಿಗಿದೆ. ಅಂದರೆ ಸಂಸ್ಥೆಗಳು ‘ದೇವದಾಸಿ’ ಬಿಟ್ಟು ಸಾಧಿಸಲು ಹೊರಟ ಅಗಲವನ್ನು ಕಾನೂನು ಆ ಹೆಸರನ್ನು ಇಟ್ಟುಕೊಂಡೇ ಸಾಧಿಸಲು ಹೊರಟಿದೆ. ಮಗಳೂ ಮೊಮ್ಮಗನೂ ಅದೇ ಹೆಸರಿನಡಿ ಹಕ್ಕುದಾರರಾದರೆ ವಿಮೋಚನಾ ಸಂಘದ ಹಟಕ್ಕೆ ಕಾನೂನಿನ ಬಲ ಬರುತ್ತದೆ. ಹೆಸರು ಬದಲಿಸಿಕೊಂಡ ಸಂಸ್ಥೆಗಳು ತಮ್ಮ ಹಳೆಯ ಸದಸ್ಯರ ದಾಖಲೆಗಳನ್ನು ಹುಡುಕಿ ತೆಗೆಯಬೇಕಾಗುತ್ತದೆ, ಏಕೆಂದರೆ ಪಟ್ಟಿಗಾಗಿ ಮರುಸಮೀಕ್ಷೆ ನಡೆದರೆ 1984ರ ನಂತರ ಮುತ್ತು ಕಟ್ಟಿಸಿಕೊಂಡವರ ಪರವಾಗಿ ಸಾಕ್ಷಿ ನುಡಿಯಬಲ್ಲ ಕಾಗದ ಇರುವುದು ಅವರ ಕಪಾಟಿನಲ್ಲೇ.