ಎನಿಗ್ಮಾದ ಬೀಗ ತೆರೆದ ಮೂವರು

ಎರಡನೆಯ ಮಹಾಯುದ್ಧದ ಗೂಢಲಿಪಿಗಳ ಮಾತು ಬಂದಾಗಲೆಲ್ಲ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಮತ್ತು ಅಲನ್ ಟ್ಯೂರಿಂಗ್ ಅವರ ಹೆಸರು ಕೇಳಿಬರುತ್ತದೆ. ಅದು ಸಹಜವೇ. ಆದರೆ ಆ ಕಥೆಯ ಮೊದಲ ಅಧ್ಯಾಯ ನಡೆದದ್ದು ಪೋಲೆಂಡಿನಲ್ಲಿ. ನಾನು ಪಾಠ ಹೇಳುತ್ತಿದ್ದ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲಿನ ಸ್ಥಳವೂ ಇರಲಿಲ್ಲ. ಅಂದು ಉಳಿದುಹೋದ ಆ ಪಾಠವನ್ನು ನನ್ನ ವಿದ್ಯಾರ್ಥಿಮಿತ್ರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಿಸ್ತಂತು ಬಂದ ಮೇಲೆ ಸೇನೆಯ ಆಜ್ಞೆಗಳನ್ನು ಕ್ಷಣಮಾತ್ರದಲ್ಲಿ ದೂರಕ್ಕೆ ಕಳುಹಿಸುವುದು ಸಾಧ್ಯವಾಯಿತು. ಆದರೆ ಅವನ್ನು ಶತ್ರುವೂ ಕೇಳಬಲ್ಲವನಾಗಿದ್ದ. ಆದ್ದರಿಂದ ಜರ್ಮನಿಯ ಸೇನೆ ಎನಿಗ್ಮಾ ಎಂಬ ಯಂತ್ರವನ್ನು ಬಳಕೆಗೆ ತಂದಿತು. ನೋಡಲು ಅದು ಟೈಪ್‌ರೈಟರಿನಂತಿತ್ತು. ಒಂದು ಅಕ್ಷರವನ್ನು ಒತ್ತಿದರೆ ಬೇರೊಂದು ಅಕ್ಷರದ ದೀಪ ಬೆಳಗುತ್ತಿತ್ತು. ಪ್ರತಿ ಸಲ ಒತ್ತಿದಾಗಲೂ ಒಳಗಿನ ಗಾಲಿ ಒಂದು ಹೆಜ್ಜೆ ತಿರುಗುತ್ತಿದ್ದುದರಿಂದ, ಅದೇ ಅಕ್ಷರವನ್ನು ಮತ್ತೆ ಒತ್ತಿದಾಗ ಸಾಮಾನ್ಯವಾಗಿ ಬೇರೆಯದೇ ದೀಪ ಹೊತ್ತಿಕೊಳ್ಳುತ್ತಿತ್ತು. ಯಂತ್ರದ ಆ ದಿನದ ಜೋಡಣೆ ತಿಳಿಯದವರಿಗೆ ಸಂದೇಶವು ಅರ್ಥವಿಲ್ಲದ ಅಕ್ಷರಗಳ ರಾಶಿ.

ಜರ್ಮನಿಯ ನೆರೆಯ ಪೋಲೆಂಡಿಗೆ ಈ ರಹಸ್ಯವನ್ನು ಅರಿಯುವುದು ಉಳಿವಿನ ಪ್ರಶ್ನೆಯಾಗಿತ್ತು. 1929ರಲ್ಲಿ ಪೊಜ್ನಾನ್ ವಿಶ್ವವಿದ್ಯಾಲಯದ ಗಣಿತ ವಿದ್ಯಾರ್ಥಿಗಳಿಗಾಗಿ ಗೂಢಲಿಪಿಯ ತರಗತಿಗಳು ಗುಟ್ಟಾಗಿ ಆರಂಭವಾದವು. ಅಲ್ಲಿಂದ ಬಂದವರೇ ಮರಿಯನ್ ರೆಯೆವ್‌ಸ್ಕಿ, ಯೆಝಿ ರುಝಿತ್ಸ್ಕಿ ಮತ್ತು ಹೆನ್ರಿಕ್ ಝಿಗಾಲ್‌ಸ್ಕಿ.

ಜರ್ಮನರು ಪ್ರತಿ ಸಂದೇಶದ ಆರಂಭದಲ್ಲಿ ಮೂರಕ್ಷರದ ಒಂದು ಕೀಲಿಯನ್ನು, ತಪ್ಪಾಗದಿರಲೆಂದು, ಎರಡು ಬಾರಿ ಕಳುಹಿಸುತ್ತಿದ್ದರು. ಈ ಎಚ್ಚರಿಕೆಯೇ ಅವರಿಗೆ ಮುಳುವಾಯಿತು. ಮೊದಲನೆಯ ಅಕ್ಷರಕ್ಕೂ ನಾಲ್ಕನೆಯದಕ್ಕೂ, ಎರಡನೆಯದಕ್ಕೂ ಐದನೆಯದಕ್ಕೂ, ಮೂರನೆಯದಕ್ಕೂ ಆರನೆಯದಕ್ಕೂ ಇರುವ ನಂಟನ್ನು ರೆಯೆವ್‌ಸ್ಕಿಯವರು ಸಮೀಕರಣಗಳಾಗಿ ಬರೆದರು. ನಿಮ್ಮಲ್ಲಿ ಹಲವರು ಬೇಸರದಿಂದ ಕಲಿತ ಕ್ರಮಯೋಜನೆಯ ಗಣಿತವೇ ಅಲ್ಲಿ ಅವರ ಆಯುಧ. ಜರ್ಮನ್ ನೌಕರನೊಬ್ಬ ಹಣಕ್ಕಾಗಿ ಫ್ರೆಂಚರಿಗೆ ಮಾರಿದ್ದ ಕಾಗದಪತ್ರಗಳೂ ನೆರವಾದವು. 1932ರ ಕೊನೆಯ ಹೊತ್ತಿಗೆ, ಸೇನೆಯ ಎನಿಗ್ಮಾವನ್ನು ಕಣ್ಣಿನಿಂದ ಕಾಣದೆಯೇ, ಅದರ ಒಳಗಿನ ತಂತಿಗಳ ಜೋಡಣೆಯನ್ನು ಅವರು ಕಂಡುಹಿಡಿದರು. ಆಗ ಅವರ ವಯಸ್ಸು 27.

1938ರ ಡಿಸೆಂಬರಿನಲ್ಲಿ ಜರ್ಮನರು ಗಾಲಿಗಳನ್ನು ಮೂರರಿಂದ ಐದಕ್ಕೆ ಏರಿಸಿದರು. ಅವುಗಳಲ್ಲಿ ಮೂರನ್ನು ಆರಿಸಿ ಜೋಡಿಸುವ ಕ್ರಮಗಳು 6ರಿಂದ 60ಕ್ಕೆ ಏರಿದವು. ಆ ಹೊರೆಯನ್ನು ಹೊರಲು ಬೇಕಾದಷ್ಟು ಯಂತ್ರಗಳನ್ನು ಕಟ್ಟಿಸುವ ಶಕ್ತಿ ಪೋಲೆಂಡಿಗಿರಲಿಲ್ಲ. 1939ರ ಜುಲೈ ಕೊನೆಯಲ್ಲಿ, ವಾರ್ಸಾದ ಬಳಿಯ ಪಿರಿ ಎಂಬಲ್ಲಿ, ತಾವು ಗಳಿಸಿದ್ದನ್ನೆಲ್ಲ ಅವರು ಬ್ರಿಟಿಷರ ಮತ್ತು ಫ್ರೆಂಚರ ಮುಂದಿಟ್ಟರು. ಎರಡೂ ದೇಶಗಳಿಗೆ ಒಂದೊಂದು ಯಂತ್ರದ ಪ್ರತಿಯನ್ನೂ ಕೊಟ್ಟರು. ಮುಂದಿನ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ಜರ್ಮನಿಯ ಆಕ್ರಮಣವಾಯಿತು. ಆ ನೆರವಿಲ್ಲದಿದ್ದರೆ ತಮ್ಮ ಕೆಲಸ ಮೇಲೇಳುತ್ತಲೇ ಇರಲಿಲ್ಲವೆಂದು ಬ್ಲೆಚ್ಲಿಯ ಗಣಿತಜ್ಞ ಗಾರ್ಡನ್ ವೆಲ್ಚ್‌ಮನ್ ಅವರೇ ಮುಂದೆ ಬರೆದಿದ್ದಾರೆ.

ಕೊಟ್ಟವರ ಪಾಡೇನಾಯಿತು? ರುಝಿತ್ಸ್ಕಿಯವರು 1942ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗು ಮುಳುಗಿ ತೀರಿಕೊಂಡರು. ತಂಡದ ಮುಖ್ಯಸ್ಥರು 1943ರಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದರೂ ರಹಸ್ಯ ಬಯಲಾಗಲಿಲ್ಲ. ಯಂತ್ರಗಳನ್ನು ಕಟ್ಟಿದ್ದ ಇಬ್ಬರು ಝಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಸತ್ತರು. ರೆಯೆವ್‌ಸ್ಕಿ ಮತ್ತು ಝಿಗಾಲ್‌ಸ್ಕಿ 1943ರಲ್ಲಿ ಇಂಗ್ಲೆಂಡನ್ನು ಸೇರಿದರು. ಆದರೆ ತಾವೇ ಬುನಾದಿ ಹಾಕಿದ್ದ ಕೆಲಸದಲ್ಲಿ ಅವರಿಗೆ ಪಾಲು ದೊರೆಯಲಿಲ್ಲ. ಚಿಕ್ಕಪುಟ್ಟ ಸಂಕೇತಗಳನ್ನು ಬಿಡಿಸುವ ಕೆಲಸಕ್ಕೆ ಅವರನ್ನು ಹಚ್ಚಲಾಯಿತು.

ಯುದ್ಧಾನಂತರ ಝಿಗಾಲ್‌ಸ್ಕಿ ಇಂಗ್ಲೆಂಡಿನಲ್ಲೇ ಗಣಿತದ ಅಧ್ಯಾಪಕರಾದರು. ರೆಯೆವ್‌ಸ್ಕಿಯವರು 1946ರಲ್ಲಿ ಹೆಂಡತಿ ಮಕ್ಕಳಿದ್ದ ತಾಯ್ನಾಡಿಗೆ ಮರಳಿ, ಸಾಮಾನ್ಯ ನೌಕರರಂತೆ ದುಡಿದು 1967ರಲ್ಲಿ ನಿವೃತ್ತರಾದರು. ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದವರಿಗೆ ಅವರು ಯಾರೆಂಬುದೇ ತಿಳಿದಿರಲಿಲ್ಲ. ಎನಿಗ್ಮಾ ಕಥೆ ಲೋಕಕ್ಕೆಲ್ಲ ತಿಳಿದದ್ದು 1970ರ ದಶಕದಲ್ಲಿ. ರೆಯೆವ್‌ಸ್ಕಿ 1980ರಲ್ಲಿ ಕಾಲವಾದರು. ಮೂವರಿಗೂ ಪೋಲೆಂಡಿನ ಉನ್ನತ ಗೌರವವೊಂದು ಸಂದದ್ದು 2000ದಲ್ಲಿ. ಅದನ್ನು ಸ್ವೀಕರಿಸಲು ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಗೋಪುರವನ್ನು ನೋಡಿ ಕೈಮುಗಿಯುವವರು ತಳಪಾಯದ ಕಲ್ಲನ್ನು ಕೇಳುವುದಿಲ್ಲ. ನಿಮ್ಮ ಮಕ್ಕಳಿಗೆ ಟ್ಯೂರಿಂಗ್ ಅವರ ಕಥೆ ಹೇಳುವಾಗ ಈ ಮೂರು ಹೆಸರುಗಳನ್ನೂ ಸೇರಿಸಿ ಹೇಳಿರೆಂಬುದು ನಿಮ್ಮ ಹಳೆಯ ಮೇಷ್ಟರ ಕೋರಿಕೆ.